ಗಂಟಲ ಮೇಲೆ ಕತ್ತಿ, ಬಾಗಿಲಲ್ಲಿ ಬಸವ

ಬಸವಾಪಟ್ಟಣದ ಕಟಿಂಗ್ ಶಾಪಿನಲ್ಲಿ ನಮ್ಮ ದೊಡ್ಡಪ್ಪನ ನೊರೆ ಹಚ್ಚಿದ ಗಂಟಲ ಮೇಲೆ ಕತ್ತಿ ಆಡುತ್ತಿತ್ತು. ಅಷ್ಟರಲ್ಲಿ ದೇವರಿಗೆ ಬಿಟ್ಟ ಬಸವ ಬಾಗಿಲಿನಿಂದ ತಲೆ ತೂರಿಸಿ, ಅವರ ಹೆಗಲ ಮೇಲಿನ ಟವೆಲ್ಲನ್ನು ಕಚ್ಚಿ ಎಳೆಯತೊಡಗಿತು. ದೇವರ ಬಸವನನ್ನು ಊರಲ್ಲಿ ಯಾರೂ ಗದರುವುದಿಲ್ಲ. ಅಂಗಡಿಯಾತ ಕತ್ತಿಯನ್ನು ಗಂಟಲ ಮೇಲೇ ಹಿಡಿದು, ಇನ್ನೊಂದು ಕೈಯಿಂದ ಹಣೆ ಮುಟ್ಟಿ ನಮಸ್ಕರಿಸಿದ.

"ನಮಸ್ಕಾರ ಆಮೇಲೆ ಮಾಡೀಯಂತೆ, ಮೊದ್ಲು ಕತ್ತಿ ತೆಗಿ ಮಾರಾಯ!" ಎಂದರು ದೊಡ್ಡಪ್ಪ, ತುಟಿ ಅಲುಗಿಸದೆ.

"ಅಳ್ಳಾಡಬ್ಯಾಡ್ರಿ ಗೌಡ್ರೇ, ಬಸವಣ್ಣ ಬಂದೈತೆ!"

ಬಸವ ಟವೆಲ್ ಬಿಟ್ಟು ಹೊರಟ ಮೇಲೆಯೇ ಅಂಗಡಿಯಾತ ಕತ್ತಿ ತೆಗೆದ. ಅಂಗಡಿಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ನಾನು ಆಮೇಲೆ ಉಸಿರಾಡಿದೆ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ‘ವಲ್ನರಬಲ್’ ಎಂದರೆ ‘ಸುಲಭವಾಗಿ ಅಪಾಯಕ್ಕೀಡಾಗಬಲ್ಲ’ ಎಂದು ಬರೆಸುತ್ತಿದ್ದೆ. ಈಗ ಬೋರ್ಡಿನ ಮೇಲೆ ಆ ಪದ ಬರೆಯುವಾಗಲೇ ಎಡಗೈ ನನ್ನ ಗಂಟಲನ್ನು ಮುಚ್ಚಿಕೊಳ್ಳುತ್ತದೆ. ಕೊನೇ ಬೆಂಚಿನವರಿಗೂ ಅರ್ಥ ತಿಳಿದುಬಿಡುತ್ತದೆ.