ನಕ್ಷತ್ರಕ್ಕೆ ಅಂಟಿಸಿದ ಪುಕ್ಕ

ನಮ್ಮವರು ಮುಳಬಾಗಿಲಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಕಾಲದಲ್ಲಿ ನಮ್ಮ ಮನೆಯ ಬಾಗಿಲ ಹಿಂದೆ ಕೊಡೆಯ ಜೊತೆಗೆ ಮೂರು ನಾಲ್ಕು ಛಡಿಗಳು ಸದಾ ಒರಗಿರುತ್ತಿದ್ದವು. ಕೆರೆ ಏರಿಯ ಹುಣಸೆಮರದಿಂದ ಅವರೇ ಆರಿಸಿ ತಂದ ಬರಲುಗಳು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ಕೋಟು ಬಿಚ್ಚಿ, ಜಗಲಿಯ ಮೇಲೆ ಕೂತು ಅವಕ್ಕೆ ಹೊಂಗೆ ಎಣ್ಣೆ ಸವರುವುದೇ ಅವರ ವಿಶ್ರಾಂತಿ. ಸವರಿಯಾದ ಮೇಲೆ ಒಳಗೆ ಬಂದು ದಿಂಬಿನ ಮೇಲೆ ಒಂದೇಟು ಹಾಕಿ, ಕಿವಿಗೊಟ್ಟು ಕೇಳಿ, "ಇದು ಚೆನ್ನಾಗಿ ಮಾತಾಡುತ್ತೆ ಕಣೇ" ಎನ್ನುತ್ತಿದ್ದರು. ಹತ್ತಿ ಹಾರುತ್ತಿತ್ತು. ದಿಂಬು ಹೊಲಿಯುವವಳು ನಾನು.

ಛಡಿಯ ವಿಷಯದಲ್ಲಿ ನನಗೂ ತಿಳಿವಳಿಕೆ ಇಲ್ಲದಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳ ರೂಲುದೊಣ್ಣೆಯನ್ನು ಗೆಣ್ಣಿನ ಮೇಲೆ ತಿಂದು ಬೆಳೆದವಳು. ದಪ್ಪನೆಯದು ಬರೀ ಸದ್ದು ಮಾಡುತ್ತದೆ, ಸಣ್ಣದು ಉರಿಯುತ್ತದೆ. ನಮ್ಮವರ ಶಾಲೆಯಲ್ಲಿ ಸುಳ್ಳಿಗೆ ಅರ್ಧ ಡಜನ್, ಕಳ್ಳತನಕ್ಕೆ ಪೂರಾ ಡಜನ್, ಅದೂ ಅತಿ ಸಣ್ಣದರಲ್ಲಿ. ಈ ಲೆಕ್ಕ ಊರಿಗೆಲ್ಲ ಬಾಯಿಪಾಠವಾಗಿತ್ತು.

ಸುಳ್ಳನ್ನು ಅವರು ಮಕ್ಕಳಲ್ಲಿ ಸಹಿಸದಿದ್ದಂತೆ ತಮ್ಮಲ್ಲೂ ಸಹಿಸುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ತಾಯಿ, "ಪಾಯಸ ಹೇಗಿದೆ ಅಳಿಯಂದಿರೇ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡ ಮೇಲೆ ಬಹಳ ವರ್ಷ ಅವರಿಗೆ ಪಾಯಸವನ್ನೇ ಬಡಿಸಲಿಲ್ಲ. ಶಾಲೆಗೆ ಬಂದ ಇನ್‌ಸ್ಪೆಕ್ಟರರು ಹೊರಡುವಾಗ, "ಏನಾದರೂ ಹೇಳುವುದಿದೆಯೇ?" ಎಂದದ್ದಕ್ಕೆ, "ತಮ್ಮ ಪೇಟ ಹಿಂದುಮುಂದಾಗಿದೆ" ಎಂದವರು ಇವರು.

ನಮ್ಮ ಹಿತ್ತಿಲ ಗೋಡೆಯ ಆಚೆಗೆ ಒಬ್ಬ ಗಾಡಿಯವನ ಮನೆ. ಅವನ ಹೆಂಡತಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ವಾರಕ್ಕೊಮ್ಮೆಯಾದರೂ ಸಂಜೆ ಅಲ್ಲಿಂದ ಸದ್ದು ಕೇಳುತ್ತಿತ್ತು. ಕೈಯ ಸದ್ದು ಬೇರೆ, ಎತ್ತು ಹೊಡೆಯುವ ಬಾರುಕೋಲಿನ ಸದ್ದು ಬೇರೆ. ಬೇಳೆ ಬೆಂದಿದೆಯೋ ಇಲ್ಲವೋ ಎಂದು ವಾಸನೆಯಲ್ಲೇ ತಿಳಿಯುವ ಹಾಗೆ ಅವೆರಡನ್ನೂ ಒಲೆಯ ಮುಂದೆ ಕೂತಲ್ಲಿಂದಲೇ ಗುರುತಿಸಲು ನಾನು ಕಲಿತಿದ್ದೆ. ಒಂದು ಸಲ ನಮ್ಮವರು ಸತ್ಯವೇದವನ್ನು ಮಡಚಿಟ್ಟು ಗೋಡೆಯ ಬಳಿ ಹೋಗಿ, "ಏಯ್! ನಿಲ್ಲಿಸಯ್ಯಾ, ಏನು ಮನುಷ್ಯನೋ ಮೃಗವೋ?" ಎಂದು ಕೂಗಿದರು.

ಆಚೆಯಿಂದ ಗಾಡಿಯವನ ಗಂಟಲು: "ನೀವು ಇಸ್ಕೂಲಲ್ಲಿ ನಮ್ಮ ಮಕ್ಕಳಿಗೆ ಹಾಕೋವಾಗ ನಾನ್ ಬಂದು ಕೇಳಿದ್ನಾ ಮೇಷ್ಟ್ರೇ?"

ನಮ್ಮವರು ವಾಪಸು ಬಂದು ಕೂತರು. ನಿಲ್ಲಿಸಿದ್ದ ವಚನ ಯಾವುದೆಂದು ಅವರಿಗೆ ಸಿಗಲೇ ಇಲ್ಲ.

ಅದು ಯುದ್ಧದ ಕಾಲ. ಸಕ್ಕರೆ ಇಲ್ಲ, ಸೀಮೆಎಣ್ಣೆ ಇಲ್ಲ. ಆ ವರ್ಷದ ಕ್ರಿಸ್ಮಸ್ಸಿಗೆ ನಕ್ಷತ್ರ ಮಾಡಲು ಬಣ್ಣದ ಕಾಗದವೂ ಸಿಗಲಿಲ್ಲ. ನಮ್ಮವರೂ ನಮ್ಮ ಇಬ್ಬರು ಹೆಣ್ಣುಮಕ್ಕಳೂ ಬಿದಿರಿನ ಸೀಳು ಕಟ್ಟಿ, ಹಳೆಯ ನಕಾಶೆಯ ಬಿಳಿಯ ಬೆನ್ನು ಅಂಟಿಸಿ, ಬಾಗಿಲಿಗೆ ಇಂಥ ಬೋಳು ನಕ್ಷತ್ರ ಹೇಗೆ ಕಟ್ಟುವುದೆಂದು ಮುಖ ಬಾಡಿಸಿಕೊಂಡು ಕೂತಿದ್ದರು. ಸಾರಿಗೆ ಕೋಳಿಯೂ ಇರಲಿಲ್ಲ. ಸಾಕಿದ್ದ ಒಂದೇ ಹೇಟೆ ಹಬ್ಬಕ್ಕೆ ಮೊದಲೇ ರೋಗ ಬಂದು ಸತ್ತಿತ್ತು.

ಹಬ್ಬದ ಬೆಳಿಗ್ಗೆ ಪ್ರಾರ್ಥನೆಯಿಂದ ಬಂದು ನಾನಿನ್ನೂ ಒಳ್ಳೆಯ ಸೀರೆ ಬಿಚ್ಚಿರಲಿಲ್ಲ, ಹಿತ್ತಿಲ ಬಾಗಿಲಲ್ಲಿ ಗಾಡಿಯವನ ಹೆಂಡತಿ ನಿಂತಿದ್ದಳು. ಸೆರಗಿನೊಳಗೆ ಏನೋ ಒದ್ದಾಡುತ್ತಿತ್ತು.

"ಅಮ್ಮಾವ್ರೇ, ನಿಮ್ಮ ಏಸು ಹಬ್ಬಕ್ಕೆ ಹುಂಜ. ದುಡ್ಡು ಬ್ಯಾಡ. ಇವತ್ತೇ ಕೊಯ್ಬೇಕು, ಈಗ್ಲೇ."

ಸೆರಗು ಸರಿಸಿದಳು. ತಾಮ್ರದ ಮೈ, ಕಪ್ಪು ಹಸಿರು ಮಿಂಚುವ ಬಾಲ. ಜುಟ್ಟನ್ನು ಮಾತ್ರ ಯಾರೋ ಬುಡಕ್ಕೆ ಕತ್ತರಿಸಿದ್ದರು. ರೋಗಕ್ಕೆ ಕತ್ತರಿಸಿರಬೇಕು ಎಂದುಕೊಂಡೆ. ಕಾನ್ವೆಂಟಿನಲ್ಲಿ ಕೋಳಿ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಕಟ್ಲೆಟ್ ಆದ ಮೇಲೆ. ಜಗಳದ ಹುಂಜಕ್ಕೆ ಎದುರಾಳಿಯ ಕೊಕ್ಕಿಗೆ ಸಿಗದ ಹಾಗೆ ಜುಟ್ಟು ತೆಗೆಯುತ್ತಾರೆಂದು ನನಗೇನು ಗೊತ್ತು?

ಅಷ್ಟರಲ್ಲಿ ನಮ್ಮವರು ಕೋಟು ಪೇಟ ಸಮೇತ ಹಿತ್ತಿಲಿಗೆ ಬಂದರು. ಆ ಪೇಟ ನೋಡುತ್ತಲೇ ಹುಂಜ ಅವಳ ಕೈ ಕೊಸರಿಕೊಂಡು ಹಾರಿತು. ಮೊದಲ ಒದೆಗೆ ಪೇಟ ಬಿತ್ತು. ಎರಡನೆಯದಕ್ಕೆ ಪಂಚೆ ಹರಿದು ಮೀನಖಂಡದಿಂದ ರಕ್ತ ಬಂತು. ಶಾಲೆಗೆ ಶಾಲೆಯೇ ಯಾರ ಕೆಮ್ಮಿಗೆ ನಡುಗುತ್ತಿತ್ತೋ ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, "ಛಡಿ ತಾರೇ! ಛಡಿ ತಾ!" ಎಂದು ನನ್ನನ್ನು ಕೂಗಿದರು.

ಛಡಿ ಬೇಕಾಗಲಿಲ್ಲ. ಅವಳು ಹಿಂದಿನಿಂದ ಬಂದು ರೆಕ್ಕೆಗಳೆರಡನ್ನೂ ಜೋಡಿಸಿ ಹಿಡಿದು, ನೆಲಕ್ಕೆ ಒತ್ತಿ, ಪಾದದಿಂದ ಮೆಟ್ಟಿ, ನನ್ನ ಈಳಿಗೆಮಣೆಯನ್ನು ಕಾಲಿನಿಂದಲೇ ಎಳೆದುಕೊಂಡಳು. ಒಂದೇ ಸಲಕ್ಕೆ ಕತ್ತು ಬೇರೆಯಾಯಿತು. ಮೈ ಇನ್ನೂ ಅವಳ ಪಾದದಡಿ ಒದೆಯುತ್ತಿತ್ತು, ಅವಳು ಕಾಲು ತೆಗೆಯಲಿಲ್ಲ. ಕೆನ್ನೆಗೆ ಸಿಡಿದ ರಕ್ತವನ್ನು ಮೊಣಕೈಯಿಂದ ಒರೆಸಿಕೊಂಡಳು. ಆಗ ನೋಡಿದೆ, ಮೊಣಕೈಯಿಂದ ಭುಜದವರೆಗೆ ಬಾಸುಂಡೆ.

"ದಿನಾ ಇದಕ್ಕೆ ಬಾದಾಮಿ, ಮೊಟ್ಟೆ. ನನ್ಗೆ ಬಾರುಕೋಲು," ಎಂದಳು. "ಸಂಕ್ರಾಂತಿ ಪಂದ್ಯಕ್ಕೆ ಸಾಕಿದ್ದ. ಶ್ರೀನಿವಾಸಪುರಕ್ಕೆ ಹುಣಸೇಹಣ್ಣು ಹೇರ್ಕೊಂಡು ಹೋಗವ್ನೆ, ಸಂಜೆಗೆ ಬರ್ತಾನೆ. ಹಗ್ಗ ಕಿತ್ಕೊಂಡು ಹೋಯ್ತು ಅಂತೀನಿ. ಪುಕ್ಕ ಮಾತ್ರ ಹೂತ್ಬಿಡಿ ಅಮ್ಮಾವ್ರೇ. ನಾ ಕೊಟ್ಟೆ ಅಂತ ತಿಳಿದ್ರೆ ಸಂಪೇಸ್ತಾಡು, ಸಾಯಿಸೇ ಬಿಡ್ತಾನೆ."

ನಮ್ಮವರು ಆ ಹೊತ್ತಿಗೆ ಒಳಗೆ ಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದರು, ಈ ಮಾತು ಅವರಿಗೆ ಕೇಳಲಿಲ್ಲ. ಪುಕ್ಕಗಳನ್ನು ಮಂಕರಿಗೆ ತುಂಬಿ, ಸಾರು ಒಲೆಗಿಟ್ಟು ಬಂದು ಹೂಳೋಣ ಎಂದು ನಾನು ಮಸಾಲೆ ರುಬ್ಬಲು ಕೂತೆ. ಸಾರೋ, ಒಲೆ ಬಿಟ್ಟು ಏಳಲು ಬಿಡಲಿಲ್ಲ. ಸೌದೆಯ ಮೇಲೆ ಸೌದೆ ಒಟ್ಟಿದೆ, ಪರಂಗಿಕಾಯಿ ಹಾಕಿದೆ, ಕರ್ತನನ್ನೂ ಬೇಡಿದೆ. ಮಾಂಸ ಮೆತ್ತಗಾಗಲಿಲ್ಲ.

ಹೊತ್ತು ಇಳಿದ ಮೇಲೆ ಊಟಕ್ಕೆ ಕೂತೆವು. ನಮ್ಮವರು ಒಂದೇ ತುಂಡನ್ನು ಬಹಳ ಹೊತ್ತು ಅಗಿದು, "ಇಂಥ ಹುಂಜವನ್ನು ಅವಳು ಯಾಕೆ ಕೊಟ್ಟಳು?" ಎಂದರು. ಇದ್ದದ್ದನ್ನೆಲ್ಲ ಹೇಳಿದೆ, ಪುಕ್ಕದ ಮಾತೊಂದು ಮರೆತೆ. ಮೂಳೆ ಎಲೆಯ ಮೇಲಿಟ್ಟರು.

"ಗಂಡನಿಗೆ ತಿಳಿಯದೆ ಕೊಟ್ಟ ಮಾಲು. ನೋಡು, ನಾನಾಗಿ ಯಾರಿಗೂ ಹೇಳುವುದಿಲ್ಲ. ಆದರೆ ಅವನು ಬಂದು ಕೇಳಿದರೆ ನನ್ನ ಬಾಯಲ್ಲಿ ಸುಳ್ಳು ಬರುವುದಿಲ್ಲ. ನಿನಗೆ ಗೊತ್ತು."

"ಅವಳನ್ನು ಕೊಂದುಹಾಕ್ತಾನೆ ಕಣ್ರೀ."

"ಗೊತ್ತು," ಎಂದವರು ಮತ್ತೆ ಊಟ ಮಾಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಕ್ಕಳು ನನ್ನನ್ನು ಬೀದಿಗೆ ಎಳೆದರು. "ಅಮ್ಮಾ, ನಕ್ಷತ್ರ ನೋಡು ಬಾ! ಅಪ್ಪ ಬಣ್ಣ ಹುಡುಕಿದ್ರು!" ಬಾಗಿಲ ಮೇಲೆ ನಕ್ಷತ್ರ ತೂಗುತ್ತಿತ್ತು. ಒಳಗೆ ಹಣತೆ. ಐದೂ ಮೂಲೆಗಳಿಗೆ ಗೋಂದಿನಲ್ಲಿ ಅಂಟಿಸಿದ ತಾಮ್ರದ ಗರಿಗಳು, ಕೆಳಗೆ ಜಾಲರಿಯಂತೆ ಆ ಕಪ್ಪು ಹಸಿರು ಬಾಲ. ನಾನು ಸಾರಿನ ಜೊತೆ ಗುದ್ದಾಡುತ್ತಿದ್ದಾಗ ಅಪ್ಪ ಮಕ್ಕಳು ಸೇರಿ ಮಂಕರಿ ಖಾಲಿ ಮಾಡಿ, ನಕ್ಷತ್ರವನ್ನು ಕಟ್ಟಿಯೂ ಬಿಟ್ಟಿದ್ದರು. ಅಷ್ಟು ಚೆಂದದ ನಕ್ಷತ್ರವನ್ನು ನಾನು ಆಮೇಲೆ ಬೆಂಗಳೂರಿನಲ್ಲೂ ನೋಡಿಲ್ಲ.

"ತೆಗೀರಿ! ಬೇಗ ತೆಗೀರಿ!" ಎನ್ನುವಷ್ಟರಲ್ಲಿ ಬೀದಿಯ ತುದಿಯಲ್ಲಿ ಎತ್ತಿನ ಗಂಟೆ ಕೇಳಿತು. ಗಾಡಿ ನಮ್ಮ ಮನೆಯ ಮುಂದೆ ಬಂದು ನಿಂತೇಬಿಟ್ಟಿತು.

ಗಾಡಿಯವನು ಮೇಲೆ ನೋಡಿದ. "ನಾ ಡೇಗರಾ!" ಎಂದು ಕೂಗಿಕೊಂಡ. ಡೇಗ ಅಂದರೆ ಕೆಂಪು ಹುಂಜಕ್ಕೆ ಪಂದ್ಯದವರು ಇಟ್ಟುಕೊಂಡ ಹೆಸರು. ಗಾಡಿಯ ಹುಲ್ಲಿನಡಿಯಿಂದ ಮಚ್ಚು ಎಳೆದು ಕೆಳಗೆ ಹಾರಿದ. ಜಗಲಿಯ ಮೇಲಿದ್ದ ನೀರಿನ ಮಡಕೆ ಒಂದೇ ಒದೆಗೆ ಚೂರಾಯಿತು. ಜಗಲಿಯ ಮೇಲೆ ನಿಂತಿದ್ದ ನಮ್ಮವರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಅವರ ತಲೆ ಗೋಡೆಗೆ ತಗುಲಿತು, ನಾನು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡೆ.

"ಹೇಳು ಮೇಷ್ಟ್ರೇ! ಯಾರ್ ಕೊಟ್ರು ನಿಂಗೆ? ತಾನಾಗೇ ಹಗ್ಗ ಕೀಳೋ ಹುಂಜ ಅಲ್ಲ ಅದು. ಯಾರೋ ಬಿಚ್ಚವ್ರೆ. ಯಾರು?"

ಬೀದಿಯೆಲ್ಲ ನೆರೆಯಿತು. ಓಣಿಯ ಬಾಯಲ್ಲಿ ಅವನ ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ನಮ್ಮವರು ಅವಳ ಕಡೆ ನೋಡಿಬಿಟ್ಟರೆ ಮುಗಿಯಿತು ಎಂದು ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಅವರು ಮಚ್ಚನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ಯಾರೂ ಕೊಡಲಿಲ್ಲ. ನಾನೇ ಬಿಚ್ಚಿದೆ. ಗೋಡೆ ಹತ್ತಿ ಇಳಿದು ಕದ್ದೆ."

ಮೊದಲ ಸುಳ್ಳಾದ್ದರಿಂದ ಅಳತೆ ತಿಳಿಯದೆ ಸ್ವಲ್ಪ ಹೆಚ್ಚೇ ಹೇಳಿದ್ದರು. ಗೋಡೆ ಹತ್ತುವುದಿರಲಿ, ಗಾಡಿ ಹತ್ತಬೇಕಾದರೂ ಅವರಿಗೆ ಮಣೆ ಬೇಕು. ಆದರೆ ಆ ಊರಿನಲ್ಲಿ ಮೇಷ್ಟ್ರ ಮಾತನ್ನು ಸುಳ್ಳೆನ್ನುವವರು ಯಾರಿದ್ದರು? ಪಂಚೆ ಹರಿದಿತ್ತು, ಕಾಲಿನಲ್ಲಿ ಹುಂಜದ ಗಾಯವೂ ಇತ್ತು.

ಗಾಡಿಯವನು ಮಚ್ಚು ಎತ್ತಿದ. ಎದುರಂಗಡಿಯ ಶೆಟ್ಟರು ಹಿಂದಿನಿಂದ ಅವನ ತೋಳಿಗೆ ಜೋತುಬಿದ್ದರು. "ಲೋ, ಕೈ ಕಡಿದ್ರೆ ಜೈಲಿಗೆ ಹೋಗ್ತೀಯ ಕಣೋ! ಇಸ್ಕೂಲಲ್ಲಿ ಕದ್ದೋರಿಗೆ ಅವರೇನು ಕೊಡ್ತಾರೋ ಅದನ್ನೇ ಕೊಡು!"

"ಪೂರಾ ಡಜನ್ ಕಣಣ್ಣೋ!" ಗುಂಪಿನಲ್ಲಿ ಯಾರೋ ಹರುಷದಿಂದ ಕೂಗಿದರು. "ನನ್ ಮಗ ತಿಂದವ್ನೆ!"

ನಾನು ಒಳಗೆ ಹೋಗಿ ಎಲ್ಲಕ್ಕಿಂತ ದಪ್ಪನೆಯದನ್ನು ತಂದೆ. ನಮ್ಮವರು ತಲೆ ಅಲ್ಲಾಡಿಸಿದರು. "ಅದಲ್ಲ. ಮೂಲೆಯಲ್ಲಿರೋ ಸಣ್ಣದು. ಮಕ್ಕಳಿಗೆ ಅದರಲ್ಲೇ ಹೊಡೆಯೋದು."

ಅಂಗೈ ಚಾಚಿದರು. ಗಾಡಿಯವನು ಬಾರುಕೋಲಿನ ಅಭ್ಯಾಸದಲ್ಲಿ ತೋಳನ್ನು ಬೀಸಿ ಹೊಡೆದ. ಏಟು ಮಣಿಕಟ್ಟಿಗೆ ಬಿದ್ದು ಚರ್ಮ ಬಿರಿಯಿತು. "ಹಾಗಲ್ಲ," ಎಂದರು ನಮ್ಮವರು, ಕಣ್ಣಲ್ಲಿ ನೀರು ತುಂಬಿದ್ದರೂ ಪಾಠ ಹೇಳುವ ಧ್ವನಿಯಲ್ಲಿ. "ಹಿಡಿ ಸಡಿಲ ಇರಬೇಕು. ಮೊಣಕೈ ಮೈಗೆ ಹತ್ತಿರ. ಹಾಂ, ಈಗ." ಅವನು ಬೇಗ ಕಲಿತ. ಕೊನೆಯ ಏಟುಗಳ ಹೊತ್ತಿಗೆ ಅಂಗೈ ಸೀಳಿ ರಕ್ತ ಜಗಲಿಗೆ ತೊಟ್ಟಿಕ್ಕುತ್ತಿತ್ತು. ಮಕ್ಕಳ ಕಣ್ಣನ್ನು ನಾನು ನನ್ನ ಸೆರಗಿನಿಂದ ಮುಚ್ಚಿದ್ದೆ. ನನ್ನ ಕಣ್ಣು ಮುಚ್ಚಲು ಯಾರೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಗಾಡಿಯವನು ಛಡಿ ಎಸೆದು, ಏದುಸಿರು ಬಿಡುತ್ತ, "ರುಚಿಯಾಗಿತ್ತಾ?" ಎಂದು ಕೇಳಿದ.

ನಮ್ಮವರಿಗೆ ಹಳೆಯ ರೋಗ ಮರುಕಳಿಸಿತು. "ಇಲ್ಲ. ಹಗ್ಗ ಅಗಿದ ಹಾಗಿತ್ತು."

ಅವನ ಮುಖ ಅರಳಿತು. "ಹಂಗೇ ಇರ್ಬೇಕು! ಒಂದು ಚೂರೂ ಕೊಬ್ಬಿರ್ಲಿಲ್ಲ ನನ್ನ ಡೇಗಂಗೆ!" ಎಂದು ಸುತ್ತಲಿನವರಿಗೆಲ್ಲ ಹೇಳಿ, ಹೇಳುತ್ತ ಹೇಳುತ್ತಲೇ ಗಾಡಿಯ ಮೂಕಿಗೆ ಹಣೆ ಹಚ್ಚಿ ಅತ್ತ.

ಆ ಸಂಜೆ ಗೋಡೆಯ ಆಚೆ ನಾನು ಕಿವಿಗೊಟ್ಟೇ ಇದ್ದೆ. ಕೈಯ ಸದ್ದೂ ಇಲ್ಲ, ಬಾರುಕೋಲಿನದೂ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಕೇಳಿತು, ಅದನ್ನು ಮುಚ್ಚಿಡುವುದೇಕೆ? ಆದರೆ ಆಗ ನಮ್ಮವರು ಗೋಡೆಯ ಈಚೆಯಿಂದ ಕೂಗಲಿಲ್ಲ, ಅವನ ಬಾಗಿಲಿಗೇ ಹೋಗಿ ಕಲೆಬಿದ್ದ ಆ ಅಂಗೈ ಚಾಚಿ ನಿಂತರು. ಅವನು ಬೈದುಕೊಂಡು ಬಾರುಕೋಲು ಕೆಳಗಿಟ್ಟನಂತೆ.

ಹಬ್ಬದ ಮರುದಿನ ಬೆಳಿಗ್ಗೆ ಅವಳು ಗೋಡೆಯ ಮೇಲಿಂದ ಎಲೆಯಲ್ಲಿ ಅರೆದ ಅರಿಶಿನ, ಬೇವು ಚಾಚಿದಳು. ಮೈಮೇಲೆ ಹೊಸ ಬಾಸುಂಡೆ ಇರಲಿಲ್ಲ.

"ಅಮ್ಮಾವ್ರೇ, ಆ ನಕ್ಷತ್ರ ಬಿಚ್ಚಿಬಿಡಿ ಅತ್ಲಾಗೆ," ಎಂದಳು. "ಎತ್ತಿಗೆ ಹುಲ್ಲೂ ಹಾಕ್ದೆ ಎದ್ದಾಗಿಂದ ಅದರ ಕೆಳಗೇ ಕುಂತವ್ನೆ."

ಬೀದಿ ಬಾಗಿಲು ತೆರೆದು ನೋಡಿದೆ. ನಮ್ಮ ಜಗಲಿಯ ಮೇಲೆ, ಒಡೆದ ಮಡಕೆಯ ಚೂರುಗಳ ನಡುವೆ, ಗಾಡಿಯವನು ಕತ್ತೆತ್ತಿ ಕೂತಿದ್ದ. ಪಕ್ಕದಲ್ಲಿ ನಮ್ಮವರು, ಬಲಗೈಗೆ ನನ್ನ ಹಳೆಯ ಸೀರೆಯ ಪಟ್ಟಿ, ಎಡಗೈಯಲ್ಲಿ ಅವನಿಗೆಂದು ತಂದ ಬೆಲ್ಲದ ಕಾಫಿಯ ಲೋಟ. ಇಬ್ಬರೂ ಗಾಳಿಗೆ ತಿರುಗುತ್ತಿದ್ದ ಬಾಲವನ್ನೇ ನೋಡುತ್ತಿದ್ದರು.