ಬೀಳದೆ ಉಳಿದ ಕಟ್ಟಡ

ಸುಮಿಯೆ ಮುರೋಯಿ ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ: ಸಿನಿಮಾದ ದೈತ್ಯಪ್ರಾಣಿ ತುಳಿದು ಪುಡಿಮಾಡಲೆಂದು ಟೋಕಿಯೊವನ್ನು ಎದೆಯೆತ್ತರಕ್ಕೆ ಕಟ್ಟಿಕೊಡುವುದು. ಪ್ಲಾಸ್ಟರಿನ ಗೋಡೆಯನ್ನು ತೆಳ್ಳಗೆ ಎರೆಯಬೇಕು. ಒಣಗಿದ ಮೇಲೆ ಒಳಮೈಗೆ ಚಾಕುವಿನಿಂದ ಆಳವಾಗಿ ಗೀರಬೇಕು. ಆಗ ಬಾಲ ತಗುಲಿದ ಕೂಡಲೇ ನಿಜವಾದ ಕಾಂಕ್ರೀಟಿನಂತೆ ಕುಸಿಯುತ್ತದೆ. ಚೆನ್ನಾಗಿ ಕಟ್ಟಿದ್ದು ಅಂದರೆ ಚೆನ್ನಾಗಿ ಬಿದ್ದದ್ದು. ಹಾಗೆ ಬಿದ್ದ ನಾನೂರು ಕಟ್ಟಡಗಳ ಪುಡಿಯನ್ನು ಅವಳೇ ಗುಡಿಸಿ ಚೀಲಕ್ಕೆ ತುಂಬಿದ್ದಳು.

ಈಗ ಎಪ್ಪತ್ತಾರರ ಸುಮಿಯೆಯನ್ನು ಹುಡುಕಿಕೊಂಡು ಹೊಸ ಸಂಗ್ರಹಾಲಯದವರು ಬಂದಿದ್ದರು. ದೈತ್ಯಪ್ರಾಣಿ ಸಿನಿಮಾಗಳ ಪರಂಪರೆಯ ಪ್ರದರ್ಶನವಂತೆ. ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿ ನಿಲ್ಲಿಸಿದ್ದರು, ಅವಳ ಐದಂತಸ್ತಿನ ಬಟ್ಟೆ ಅಂಗಡಿಯನ್ನು. ಕೆಳಗೆ ಅವಳ ಹೆಸರು. ಉಳಿದದ್ದು ಇದೊಂದೇ. ಯಾಕೆ ಉಳಿಯಿತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಮುರಿಯಲಿಲ್ಲ, ಅದಕ್ಕೇ ಉಳಿಯಿತು. ಎರಡು ವಾರ ಕೂತು ಜೋಡಿಸಿದ ಕಿಟಕಿಗಳನ್ನು ನೋಡಿ ಅವಳಿಗೆ ಆಳವಾಗಿ ಗೀರಲು ಕೈ ಬಂದಿರಲಿಲ್ಲ. ದೈತ್ಯಪ್ರಾಣಿಯ ರಬ್ಬರ್ ವೇಷದೊಳಗಿದ್ದ ನಟ ಇಗುಚಿ ನುಗ್ಗಿ ಬಂದು ಮಂಡಿಯಿಂದ ಗುದ್ದಿದ. ಕಟ್ಟಡ ನಿಂತಿತು, ಇಗುಚಿ ಬಿದ್ದ. ಮಂಡಿಚಿಪ್ಪು ಒಡೆದಿತ್ತು; ಮತ್ತೆ ಅವನು ವೇಷ ತೊಡಲಿಲ್ಲ. ಆಸ್ಪತ್ರೆಗೆ ಹೋಗಿ ಕ್ಷಮೆ ಕೇಳಿದವನು ಮೇಸ್ತ್ರಿ. ಕೈಕೆಳಗಿನವರ ತಪ್ಪಿಗೆ ಮೇಲಿನವನು ತಲೆಬಾಗುವುದು ಪದ್ಧತಿ. ತಾನು ಬಾಗಲಿಲ್ಲವೆಂಬುದು ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತು.

"ಇದು ಕೆಟ್ಟ ಕೆಲಸ ಕಣಪ್ಪಾ. ಫಲಕದ ಮೇಲೂ ಹಾಗೇ ಬರಿ," ಎಂದಳು ಸಂಗ್ರಹಾಲಯದ ನಗಾಸೆಗೆ.

"ಎಂಥ ವಿನಯ ನಿಮ್ದು, ಮುರೋಯಿ ಸಾನ್!"

"ವಿನಯಾನೂ ಇಲ್ಲ, ಮಣ್ಣೂ ಇಲ್ಲ. ಮುರೀಬೇಕಿತ್ತು, ಮುರೀಲಿಲ್ಲ."

"ದೊಡ್ಡ ಕಲಾವಿದರು ಹೀಗೇ ಹೇಳೋದು," ಎಂದು ಅವನು ಬರೆದುಕೊಂಡ.

ಹಾಳಾದ ಮರ್ಯಾದೆ! ಹಬ್ಬದಡುಗೆ ಬಡಿಸಿದವಳೂ ಈ ನಾಡಿನಲ್ಲಿ "ಏನೂ ರುಚಿಯಿಲ್ಲ, ತಿನ್ನಿ" ಎನ್ನುತ್ತಾಳೆ. ನಿಜವಾಗಿ ಕೆಟ್ಟದ್ದನ್ನು ಕೆಟ್ಟದ್ದೆಂದು ನಂಬಿಸುವುದು ಹೇಗೆ? ನಡೆದದ್ದನ್ನೆಲ್ಲ ಬರೆದು ಪತ್ರ ಕಳಿಸಿದಳು. ಅದಕ್ಕೂ ಚೌಕಟ್ಟು ಹಾಕಿಸಿ ಪಕ್ಕದಲ್ಲೇ ತೂಗುಹಾಕಿದರು. ಉದ್ಘಾಟನೆಯ ದಿನ ಓದಿದವರೆಲ್ಲ ಕಣ್ಣೊರೆಸಿಕೊಂಡು, ಎಷ್ಟು ದೊಡ್ಡ ಮನಸ್ಸು ಎಂದರು. ಆ ಗಾಜಿಗೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕ ಬಂದ. ಪತ್ರದ ಕಡೆ ತಿರುಗಿಯೂ ನೋಡಲಿಲ್ಲ. ಗಾಜಿಗೆ ಮೂಗು ತಾಗಿಸಿ ಕಟ್ಟಡವನ್ನೇ ದಿಟ್ಟಿಸಿದ. ಸುಮಿಯೆಗೆ ಗುರುತು ಸಿಕ್ಕಿತು. ಇಗುಚಿ!

"ಇದನ್ನ ಮಾಡಿದ್ಯಾರು?" ಎಂದ.

"ನಾನು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಕೆಟ್ಟ ಕೆಲಸ."

ಸುತ್ತ ನಿಂತವರು ಮತ್ತೆ ವಿನಯಕ್ಕೆ ಮೆಚ್ಚಿ ನಕ್ಕರು. ಇಗುಚಿ ನಗಲಿಲ್ಲ.

"ಹೌದು, ಕೆಟ್ಟ ಕೆಲಸ," ಎಂದ. "ಇಂಥಾದ್ದನ್ನ ಕಟ್ಟೋರು ಈ ಕಸುಬಿಗೆ ಬರ್ಬಾರ್ದಿತ್ತು. ಚಳಿ ಬಂದ್ರೆ ಈಗ್ಲೂ ಮಂಡಿ ನೋವಿಗೆ ಪ್ರಾಣ ಹೋಗುತ್ತೆ."

ನಗಾಸೆಯ ಮುಖ ಬಿಳಿಚಿಕೊಂಡಿತು. ಸುಮಿಯೆಗೆ ಮಾತ್ರ ಎಷ್ಟೋ ವರ್ಷದ ಮೇಲೆ ಉಸಿರು ಸಲೀಸಾಯಿತು.

"ಯಾವ ಮಂಡಿ?" ಎಂದು ಕೇಳಿದಳು.

"ಎಡಗಡೇದು."

ಅವಳು ಎಲ್ಲರೆದುರು ನೆಲಕ್ಕೆ ಕೂತು, ಆ ಎಡ ಮಂಡಿಯ ಮುಂದೆ ಹಣೆ ನೆಲ ಮುಟ್ಟುವಂತೆ ಬಾಗಿದಳು.