ಮೂವತ್ತೇಳನೇ ನಂಬರಿನ ಕಂದಾಯ

ಹೆಗ್ಗನಹಳ್ಳಿಯ ಆ ಗಲ್ಲಿಯಲ್ಲಿ ಮನೆ ಕಂದಾಯ ಕಟ್ಟುತ್ತಿದ್ದವಳು ಹೊನ್ನವ್ವ ಒಬ್ಬಳೇ. ಲಿಂಗಸುಗೂರು ಕಡೆಯ ಹೆಂಗಸು, ಗಂಡ ಸತ್ತವಳು. ಗಾರೆ ಕೆಲಸದವರಿಗೆ ಜೋಳದ ರೊಟ್ಟಿ ಬಡಿದು ಮಾರಿ ಎರಡು ಕೋಣೆಯ ಶೀಟಿನ ಮನೆ ಎಬ್ಬಿಸಿದ್ದಳು. ಪ್ರತಿ ಏಪ್ರಿಲ್ ಮೊದಲ ವಾರವೇ ಕಚೇರಿಗೆ ಹೋಗಿ ಕಟ್ಟಿ, ರಸೀದಿಗೆ ಲ್ಯಾಮಿನೇಷನ್ ಮಾಡಿಸಿ ಮನೆದೇವರ ಫೋಟೋದ ಹಿಂದೆ ಇಡುವಳು. ಓದು ಬಾರದವಳಿಗೆ ಅದೇ ಹಕ್ಕುಪತ್ರ. ಎದುರಿನ ಉಗ್ರಪ್ಪ ಮೂರಂತಸ್ತು ಏರಿಸಿ ಬಾಡಿಗೆಗೆ ಬಿಟ್ಟವನು, ಕಂದಾಯವೆಂದು ಒಂದು ರೂಪಾಯಿ ಬಿಚ್ಚಿದವನಲ್ಲ.

"ಯಾಕಮ್ಮಾ ಕೈಯಾರೆ ಕೊಟ್ಟು ಬರ್ತೀಯ? ಅವ್ರಾಗೇ ಕೇಳೋ ತನಕ ಸುಮ್ನಿರು," ಎಂದು ನಗುತ್ತಿದ್ದ.

"ಸರಕಾರದ ಋಣ ಇಟ್ಕೋಬಾರ್ದ್ರಿ ಅಣ್ಣಾರ," ಎನ್ನುವಳು ಇವಳು. ಮಳೆ ಬಂದರೆ ಗಲ್ಲಿಯ ಕೊಳಚೆಯೆಲ್ಲ ಇವಳ ಒಲೆಗೇ ನುಗ್ಗುತ್ತಿತ್ತು. ಋಣ ತೀರಿಸಿದ್ದಕ್ಕೆ ಸಿಕ್ಕ ಬಡ್ಡಿ ಅದು.

ಎರಡು ಸಾವಿರದ ಎಂಟರ ಚುನಾವಣೆಗೆ ಅಭ್ಯರ್ಥಿ ಬಾಗಿಲಿಗೇ ಬಂದ. ಹೊನ್ನವ್ವ ಆರತಿ ಬೆಳಗಿ, ಒಂಬತ್ತು ವರ್ಷದ ರಸೀದಿಗಳನ್ನು ಅವನ ಮುಂದೆ ಹಿಡಿದಳು.

"ಇಷ್ಟು ಕಟ್ಟೀನ್ರಿ ಯಪ್ಪಾ, ಒಂದು ಗಟಾರ ಮಾಡಿಸಿ ಕೊಡ್ರಿ."

"ಗೆದ್ದ ಆರು ತಿಂಗಳಿಗೆ ಚರಂಡಿ ಬರತ್ತೆ ತಾಯಿ. ಬರ್ಕೊಳೋ ನಾಗರಾಜು," ಎಂದ ಅವನು ತನ್ನ ಹಿಂಬಾಲಕನಿಗೆ.

ಕೊಟ್ಟ ಮಾತು ತಪ್ಪುವುದು ಈ ಮಂದಿಯ ಹುಟ್ಟುಗುಣ. ಹೊನ್ನವ್ವನ ಗ್ರಹಚಾರ, ಇವನು ಮಾತು ಉಳಿಸಿಕೊಂಡ.

ಚರಂಡಿ ಹೋಗಿ ದೊಡ್ಡ ಮೋರಿಗೆ ಸೇರಬೇಕಾದರೆ ಗಲ್ಲಿಯ ತುದಿಯಲ್ಲಿ ಒಂದು ಮನೆ ಬೀಳಬೇಕಿತ್ತು, ಇವಳದೋ ಉಗ್ರಪ್ಪನದೋ. ಇಬ್ಬರಿಗೂ ಸರಿಯಾದ ಪತ್ರವಿಲ್ಲ. ಎಂಜಿನಿಯರು ಎರಡೂ ಗೋಡೆಗೆ ಕೆಂಪು ಗೆರೆ ಎಳೆದು, ತೀರ್ಮಾನವನ್ನು ಕಂದಾಯ ಕಚೇರಿಯ ಶಂಭುಲಿಂಗಪ್ಪನಿಗೆ ಬಿಟ್ಟ. ಉಗ್ರಪ್ಪ ಆ ಕಡೆ ತಲೆಯನ್ನೂ ಹಾಕಲಿಲ್ಲ. ಹೊನ್ನವ್ವ ಮಾತ್ರ ಇಳಕಲ್ ಸೀರೆ ಉಟ್ಟು, ರಸೀದಿಗಳನ್ನು ಎದೆಗವಚಿಕೊಂಡು, ಗೆದ್ದೇಬಿಟ್ಟೆ ಎಂಬಂತೆ ಹೋದಳು.

ರಸೀದಿ ನೋಡಿ ಶಂಭುಲಿಂಗಪ್ಪನಿಗೆ ನಿಜಕ್ಕೂ ಖುಷಿಯಾಯಿತು. "ಹೆಸರಿದೆ, ಅಳತೆ ಇದೆ, ಮೂವತ್ತೇಳನೇ ನಂಬರ್ ಅಂತಾನೂ ಇದೆ. ನಮ್ಮ ಕೆಲಸ ಹಗುರ ಮಾಡಿದ್ರಿ," ಎಂದು ನೋಟಿಸ್ ಬರೆಯಲು ಕೂತ.

"ನನಗ್ಯಾಕ್ರಿ ನೋಟಿಸ್? ಕಂದಾಯ ಕಟ್ಟಿದಾಕಿ ನಾನಲ್ರೀ!"

"ಅದಕ್ಕೇ ಅಮ್ಮಾ. ಒಡೀಬೇಕಂದ್ರೆ ನೋಟಿಸ್ ಕೊಡ್ಬೇಕು. ನೋಟಿಸ್‌ಗೆ ಹೆಸರು ಬೇಕು. ಅವ್ರ ಮನೆ ನಮ್ಮ ರಿಜಿಸ್ಟರ್‌ನಲ್ಲೇ ಇಲ್ಲ. ಇಲ್ದೇ ಇರೋ ಮನೇನ ಹೇಗೆ ಒಡೆಯೋದು?"

ಪರಿಹಾರ ಕೇಳಿದ್ದಕ್ಕೆ ರಸೀದಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ ಹೇಳಿದ: ಇದು ಮಾಲೀಕತ್ವಕ್ಕೆ ಪುರಾವೆಯಲ್ಲ.

ಜೆಸಿಬಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹೊನ್ನವ್ವ ಉಗ್ರಪ್ಪನ ಕೆಳಮನೆಗೇ ಬಾಡಿಗೆಗೆ ಹೋದಳು. ಉದ್ಘಾಟನೆಯ ದಿನ ನಾಗರಾಜು ಅವಳ ಕೈಗೇ ಆರತಿ ತಟ್ಟೆ ಕೊಟ್ಟ. ಚರಂಡಿ ಕೇಳಿದವಳು ಅವಳೇ ತಾನೇ! ಅವಳ ಒಲೆಯಿದ್ದ ಜಾಗದಲ್ಲಿ ಕೊಳಚೆ ಸರಾಗವಾಗಿ ಹರಿಯಿತು.

ಏಪ್ರಿಲ್ ಬಂತು. ಮೂವತ್ತೇಳನೇ ನಂಬರ್ ರಿಜಿಸ್ಟರ್‌ನಲ್ಲಿ ಹಾಗೇ ಉಳಿದಿತ್ತು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಹೊನ್ನವ್ವನನ್ನು ಕಂಡು ಶಂಭುಲಿಂಗಪ್ಪನೇ ತಬ್ಬಿಬ್ಬಾದ.

"ಮನೇನೇ ಇಲ್ವಲ್ಲಮ್ಮಾ, ಯಾಕೆ ಕಟ್ತೀರ?"

"ಕಟ್ಟಲಿಲ್ಲಂದ್ರ ನೀವು ಹೆಸರು ಹೊಡದಹಾಕ್ತೀರಿ. ಆಮ್ಯಾಲ ಅಲ್ಲಿ ನನ್ನ ಮನಿ ಇತ್ತು ಅಂತ ಯಾರ್ ಹೇಳ್ತಾರ್ರಿ?"

ಅವನು ದುಡ್ಡು ತೆಗೆದುಕೊಂಡು ರಸೀದಿ ಹರಿದು ಕೊಟ್ಟ.